ಅಳಿವೆ ಬೆಳ್ಳಗಾದ ದಿನ

ಬಯಲುಸೀಮೆಯವನಿಗೆ ಕಡಲಿನ ಹುಚ್ಚು ಹತ್ತಿದರೆ ಬಿಡಿಸೋರು ಯಾರು? ಗದಗಿನ ಕಡೆಯ ಚನ್ನವೀರ ಇದ್ದ ಕೆಲಸ ಬಿಟ್ಟ. ಹೆಂಡತಿ ಶಶಿಕಲಾಳನ್ನು ಕರೆದುಕೊಂಡು ಹೊನ್ನಾವರಕ್ಕೆ ಬಂದು, ಹೊಳೆಯಲ್ಲಿ ಒಂದು ಮೋಟಾರು ಬೋಟಿನೊಳಗೇ ಸಂಸಾರ ಹೂಡಿದ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಅದರಲ್ಲೇ ಕಡಲು ದಾಟಿ ಆಫ್ರಿಕಾ ಮುಟ್ಟಬೇಕು ಅನ್ನೋದು ಅವನ ಆಸೆ.

ಗುರುವಾಗಿ ಸಿಕ್ಕವರು ದಾಮೋದರ ತಾಂಡೇಲರು. ದೊಡ್ಡ ಹಡಗುಗಳ ಕಪ್ತಾನರಾಗಿ ಆಯುಷ್ಯ ಕಳೆದು ಬಂದವರು. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ದಿನಾ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಹೊಳೆ ಕಡಲು ಸೇರುವ ಅಳಿವೆ ದಾಟಿ, ದಡ ಕಾಣುವಷ್ಟು ದೂರ ಹೋಗಿ, ಸಂಜೆಗೆ ವಾಪಸು. ಇವತ್ತು ಧಾರೇಶ್ವರದ ತನಕ, ನಾಳೆ ಮುರ್ಡೇಶ್ವರದ ತನಕ. ಮಳೆಗಾಲ ಕಳೆದ ಮೇಲೆ ಶುರುವಾದದ್ದು, ಮಾವು ಹಣ್ಣಾಗುವ ಹೊತ್ತಿಗೂ ಅಷ್ಟೇ.

ಚನ್ನವೀರನ ತಾಳ್ಮೆ ಕೆಟ್ಟಿತು.

"ಗುರುಗಳ, ಇದು ಬರೀ ಹುಡುಗಾಟ ಆತಲ್ರಿ. ದೊಡ್ಡ ಸಮುದ್ರಕ್ಕ ಯಾವಾಗ ಕಳಸ್ತೀರಿ?"

"ದಡ ಬಿಡೋದು ಕಲಿತ ದಿನ."

"ದಿನಾ ಬಿಡ್ತೀವಲ್ರಿ."

"ಎಲ್ಲಿ ಬಿಟ್ಟೆ ಮಾರಾಯ? ದಿನಾ ಕಟ್ಟಿಕೊಂಡೇ ಬರ್ತೀಯ."

ಚನ್ನವೀರನಿಗೆ ತಲೆಬುಡ ಅರ್ಥವಾಗಲಿಲ್ಲ. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಶಶಿಕಲಾ ಕೈ ನಿಲ್ಲಿಸಿ ಕೇಳಿಸಿಕೊಂಡಳು. ಅವಳು ಯಾವತ್ತೂ ಒಂದು ಪ್ರಶ್ನೆ ಕೇಳಿದವಳಲ್ಲ. ಅವಳಿಗೂ ಕಲಿಸಿರಿ ಅಂತ ಗಂಡ ಹೇಳಿದವನೂ ಅಲ್ಲ.

ಒಂದು ದಿನ ಮೂವರೂ ಅಳಿವೆ ದಾಟುವಾಗ ಗುರುಗಳೇ ಬಾಯಿಬಿಟ್ಟರು.

"ಗಾಳಿ ಒಳಗೆ ತಳ್ಳುವಾಗ ಹೊಳೆ ನೀರು ಹೊರಗೆ ಇಳಿದರೆ, ಎರಡೂ ಇಲ್ಲಿ ಹೊಡೆದಾಡ್ತವೆ. ಅಳಿವೆ ಬೆಳ್ಳಗಾಗ್ತದೆ. ಕಡಲಿಂದ ಬರುವವನಿಗೆ ಅಲೆಯ ಬೆನ್ನು ಮಾತ್ರ ಕಾಣ್ತದೆ. ಬಾಯಿ ಕಾಣೋದು ದಡದಲ್ಲಿ ನಿಂತವರಿಗೆ. ನೆನಪಿಡು, ಅಳಿವೆ ಬೆಳ್ಳಗಾದ ದಿನ ನಮಗೆ ಮನೆ ಇಲ್ಲ."

"ಹೂಂರೀ," ಅಂದ ಚನ್ನವೀರ. ಅವನ ಕಣ್ಣು ಆಫ್ರಿಕಾದ ನಕ್ಷೆಯ ಮೇಲಿತ್ತು.

ಕೆಲವು ದಿನ ಕಳೆದವು. ಆವತ್ತು ಶಶಿಕಲಾ ಸಂತೆಗೆಂದು ದಡದಲ್ಲೇ ಉಳಿದಳು; ಗುರು ಶಿಷ್ಯ ಇಬ್ಬರೇ ಕಡಲಿಗೆ ಹೋದರು. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಿತು. ನೋಡನೋಡುತ್ತ ಮೋಡ ಕಪ್ಪಿಟ್ಟಿತು. ಒಲೆಯ ಮೇಲಿದ್ದ ಪಾತ್ರೆ ನೆಲಕ್ಕೆ ಬಿದ್ದು ಸಾರೆಲ್ಲ ಚೆಲ್ಲಿತು. ಚನ್ನವೀರನ ಜೀವ ಬಾಯಿಗೆ ಬಂತು. ಹಿಂದೆಮುಂದೆ ನೋಡದೆ ಚುಕ್ಕಾಣಿಯನ್ನು ಮನೆಯ ಕಡೆ, ಹೊಳೆಯೊಳಗೆ ಬೋಟು ಕಟ್ಟುವ ಕಟ್ಟೆಯ ಕಡೆ ತಿರುಗಿಸಿದ.

ಅವರ ಮುಂದೆ ಒಂದು ಮೀನಿನ ಬೋಟೂ ಮನೆಗೇ ಓಡುತ್ತಿತ್ತು.

ಅಳಿವೆ ಹತ್ತಿರವಾಯಿತು. ಅದರಾಚೆ ಮರಳ ದಿಬ್ಬದ ಮೇಲೆ ಶಶಿಕಲಾ ನಿಂತಿದ್ದಳು. ಹಳದಿ ದುಪಟ್ಟಾ ತೆಗೆದು ಎರಡೂ ಕೈಯಿಂದ ಬೀಸುತ್ತಿದ್ದಳು.

"ಕರಿಯಾಕ ಹತ್ಯಾಳ ನೋಡ್ರಿ ಗುರುಗಳ. ಇನ್ನೇನು ಮನಿ ಮುಟ್ಟಿದ್ವಿ." ಅವನ ಕಣ್ಣು ತುಂಬಿ ಬಂತು.

ಗುರುಗಳು ಎದ್ದು ಬಂದರು. ಚುಕ್ಕಾಣಿ ಕಿತ್ತುಕೊಂಡು ಬೋಟನ್ನು ಕಡಲಿಗೆ ತಿರುಗಿಸಿದರು.

ಚನ್ನವೀರ ದಂಗಾದ. ಈ ಮುದುಕನಿಗೆ ತಲೆ ಕೆಟ್ಟಿತೆ? ಮನೆ ಕಣ್ಣೆದುರಿಗಿದೆ, ಹೆಂಡತಿ ಕರೆಯುತ್ತಿದ್ದಾಳೆ, ಇವರು ಸಾಯೋಕೆ ಹೊರಟಿದ್ದಾರೆ.

"ಬಿಡ್ರಿ. ನನ್ನ ಕೊಲ್ಲತೀರೇನು?"

ಗುರುಗಳು ಬಿಡಲಿಲ್ಲ. ಅವನ ಕೈ ಎದ್ದಿತು. ಎದ್ದದ್ದು ಗುರುವಿನ ಕೆನ್ನೆಗೆ ಬಿತ್ತು.

ತನ್ನ ಕೈಯನ್ನು ತಾನೇ ನೋಡುತ್ತ ನಿಂತುಬಿಟ್ಟ. ಶಿವನೇ, ಗುರುವಿನ ಮೇಲೆ ಕೈ ಮಾಡಿದ ಪಾಪವನ್ನು ಯಾವ ನೀರು ತೊಳೆದೀತು?

ಗುರುಗಳು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಹಿಂದೆ ನೋಡು," ಅಂದರು.

ಆ ಮೀನಿನ ಬೋಟು ಅಳಿವೆಗೆ ನುಗ್ಗಿತ್ತು. ಅಲೆ ಅದರ ಹಿಂಭಾಗವನ್ನು ಎತ್ತಿತು. ಬೋಟು ಮೂತಿ ಕೆಳಗಾಗಿ ನೆಟ್ಟಗೆ ನಿಂತು, ದೋಸೆ ಮಗುಚಿದಂತೆ ಮಗುಚಿತು. ಚನ್ನವೀರ ಚುಕ್ಕಾಣಿಯಿಂದ ದೂರ ಸರಿದ.

ಬೆಳಗಾಗುವ ತನಕ ಗುರುಗಳು ಬೋಟನ್ನು ಗಾಳಿಗೆ ಮುಖ ಮಾಡಿ ದಡದಿಂದ ದೂರವೇ ಹಿಡಿದರು. ಅಲೆ ದೊಡ್ಡದಿತ್ತು, ಆದರೆ ಬೋಟಿಗೆ ಬಡಿಯಲು ಕಲ್ಲಾಗಲಿ ಮರಳಾಗಲಿ ಇರಲಿಲ್ಲ. ಗಾಳಿ ಇಳಿದು, ಉಬ್ಬರ ಏರಿ, ಅಳಿವೆ ತಣ್ಣಗಾದ ಮೇಲೆ ಒಳಗೆ ಬಂದರು.

ದಡದ ಜನ ಹಗ್ಗ ಎಸೆದು ಮೀನಿನ ಬೋಟಿನವರನ್ನೆಲ್ಲ ಉಳಿಸಿದ್ದರು. ಬೋಟು ಎರಡು ತುಂಡಾಗಿ ಮರಳಲ್ಲಿ ಬಿದ್ದಿತ್ತು.

ಶಶಿಕಲಾ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅತ್ತೂ ಅತ್ತೂ ಕಣ್ಣು ಊದಿತ್ತು.

"ನೀ ಅಷ್ಟು ಕರದ್ರೂ ಗುರುಗಳು ಬಿಡಲಿಲ್ಲ," ಅಂದ ಚನ್ನವೀರ. "ಅದಕ್ಕ ಉಳದೆ."

"ನಾ ಯಾವಾಗ ಕರದೆ?" ಅಂದಳು ಅವಳು. "ಅಳಿವಿ ಬೆಳ್ಳಗಾಗಿತ್ತು. ಮನಿ ಇಲ್ಲ, ಹೊಳ್ಳಿ ಹೋಗ್ರಿ ಅಂತ ಬೀಸಿ ಬೀಸಿ ನನ್ನ ತೋಳು ಬಿದ್ದುಹೋದುವು. ನೀವು ಇತ್ತಾಗೇ ಬರಾಕ ಹತ್ತಿದ್ರಿ."

ಚನ್ನವೀರ ಹೋಗಿ ಗುರುಗಳ ಕಾಲಿಗೆ ಬಿದ್ದ.

"ತಪ್ಪಾತ್ರಿ. ಕೇಳಾಕ ಮುಖ ಇಲ್ಲ, ಆದ್ರೂ ಕೇಳತೀನಿ. ದೊಡ್ಡ ಸಮುದ್ರ ನನ್ನ ಹಣೇಬರಹದಾಗ ಐತೇನ್ರಿ?"

ಗುರುಗಳು ಊದಿದ ಕೆನ್ನೆಯನ್ನು ಆಗ ಒಮ್ಮೆ ಸವರಿಕೊಂಡರು. ಬೋಟಿನ ಕೀಲಿಯನ್ನು ಜೇಬಿನಿಂದ ತೆಗೆದು ಶಶಿಕಲಾಳ ಕೈಗೆ ಕೊಟ್ಟರು.

"ಈ ಮಳೆಗಾಲ ಕಳೆದ ಮೇಲೆ ಇವಳು ಹೊರಡ್ತಾಳೆ. ನಿನ್ನನ್ನೂ ಕರಕೊಂಡು ಹೋಗ್ತಾಳಾ, ಕೇಳಿ ನೋಡು."