ಕಥೆಯ ಮಲತಾಯಿ ಕೆಟ್ಟವಳಾದದ್ದು

ದೂರದ ಒಂದು ಚಳಿದೇಶದಲ್ಲಿ, ಕಾಡಿನ ಅಂಚಿಗೆ ಒಂದಾನೊಂದು ಊರಿತ್ತಂತೆ. ಆ ಊರಲ್ಲಿ ಮನೆಮನೆಗೂ ಬಾತು. ಚಳಿಗಾಲದ ಸಂಜೆ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ, ಹಾಸಿಗೆಗೆ ತುಂಬಲು ಬಾತಿನ ಪುಕ್ಕ ಬಿಡಿಸುತ್ತ ಕಥೆ ಹೇಳುತ್ತಿದ್ದರಂತೆ. ಅದಕ್ಕೊಂದು ಕಟ್ಟಳೆ. ಯಾರೂ ನಗಬಾರದು. ನಕ್ಕರೆ ಪುಕ್ಕ ಹಾರುತ್ತದೆ. ಹಾರಿದರೆ ಕಥೆ ಯಾರದೋ ಅವಳೇ ಮನೆಯೆಲ್ಲ ಗುಡಿಸಬೇಕು.

ಕಥೆ ಹೇಳುವುದರಲ್ಲಿ ಓಟ್ಟಿಲಿಯನ್ನು ಮೀರಿಸುವವರಿರಲಿಲ್ಲ. ಒಲೆಯ ಪಕ್ಕದ ಜಾಗ ಯಾವಾಗಲೂ ಅವಳದೇ. ಹೀಗಿರಲಾಗಿ ಗುಡ್ಡದಾಚೆಯಿಂದ ಲೀಸ್ಬೆತ್ ಎಂಬವಳು ಬಡಗಿಯ ಎರಡನೇ ಹೆಂಡತಿಯಾಗಿ ಬಂದಳು. ಮೊದಲ ಹೆಂಡತಿಯ ಮಗಳು ಮಾರ್ಲೆ ಅವಳ ಮಡಿಲು ಬಿಟ್ಟು ಇಳಿಯುತ್ತಿರಲಿಲ್ಲ. ಪುಕ್ಕ ಬಿಡಿಸಲು ಕೂತಾಗ ಲೀಸ್ಬೆತ್ ಕೂಡ ಕಥೆ ಹೇಳಿದಳು. ಜನ ಉಸಿರು ಬಿಗಿಹಿಡಿದು ಕೇಳಿದರು. ಓಟ್ಟಿಲಿಯ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಒಂದು ಸಂಜೆ ಪಟ್ಟಣದಿಂದ ಪಂಡಿತನೊಬ್ಬ ಬಂದ. ಹೆಂಗಸರ ಬಾಯಲ್ಲಿರುವ ಕಥೆ ಬರೆದುಕೊಂಡು ಪುಸ್ತಕ ಮಾಡುವವನಂತೆ. ಓಟ್ಟಿಲಿ ಹೇಳಿದ್ದಕ್ಕೆಲ್ಲ, "ಇದು ಆಗಲೇ ಸಿಕ್ಕಿದೆಯಮ್ಮ, ಇದೂ ಸಿಕ್ಕಿದೆ" ಎಂದ. ಲೀಸ್ಬೆತ್ ಬಾಯಿ ತೆರೆದದ್ದೇ ತಡ, ಅವನ ಲೇಖನಿ ಓಡಿತು. ಕಾಡಿನಲ್ಲಿ ಕಳೆದುಹೋದ ಹುಡುಗಿ, ಹಿಮದಲ್ಲಿ ಬರಿಗಾಲಲ್ಲಿ ಹುಡುಕಿ ಹೊರಟ ಮಲತಾಯಿ. ಅಷ್ಟರಲ್ಲಿ ಮಾರ್ಲೆ ಮಡಿಲಲ್ಲೇ ನಿದ್ದೆಹೋದಳು.

"ಮಗು ಮಲಗಿತು. ಉಳಿದದ್ದು ನಾಳೆ" ಎಂದು ಲೀಸ್ಬೆತ್ ಎದ್ದುಬಿಟ್ಟಳು.

ಪಂಡಿತ ಬೆಳಗಾದರೆ ಹೊರಡುವವನು. ಪೇಚಾಡುತ್ತ ಬೀದಿಗಿಳಿದ. ಓಟ್ಟಿಲಿ ಹಿಂದೆಯೇ ಹೋದಳು.

"ಮುಂದಿನದು ನನಗೆ ಗೊತ್ತು ಸ್ವಾಮಿ."

ಅವಳಿಗೇನೂ ಗೊತ್ತಿರಲಿಲ್ಲ. "ಆ ಮಲತಾಯಿ ಹೋದದ್ದು ಕರೆತರಲಿಕ್ಕಲ್ಲ, ಕೊಲ್ಲಲಿಕ್ಕೆ" ಎಂದು ಶುರುಮಾಡಿದಳು. ಹೇಳುತ್ತ ಹೇಳುತ್ತ ಅವಳಿಗೇ ಮೈ ಜುಮ್ಮೆಂದಿತಂತೆ. ಹುಟ್ಟಿದಾಗಿನಿಂದ ಅಂಥ ಕಥೆ ಅವಳ ಬಾಯಿಂದ ಬಂದಿರಲಿಲ್ಲ.

ಮರುವರ್ಷ ಚಳಿಗೆ ಪುಸ್ತಕ ಬಂತು. ಊರ ಪಾದ್ರಿ ಓದಿದರು. ಹೆಂಗಸರು ಪುಕ್ಕ ಮರೆತು ಕೂತರು. ಓಟ್ಟಿಲಿ ಸೆಟೆದು ಕೂತಳು. ಕೊನೆಗೆ ಪಾದ್ರಿ ಓದಿದ್ದು ಇಷ್ಟು: "ಹೇಳಿದವಳು, ಬಡಗಿಯ ಹೆಂಡತಿ ಲೀಸ್ಬೆತ್."

"ನಾನು ಹೀಗೆ ಹೇಳಲಿಲ್ಲವಲ್ಲ" ಎಂದಳು ಲೀಸ್ಬೆತ್.

ಮಾರ್ಲೆಗೆ ನಗು ತಡೆಯಲಾಗಲಿಲ್ಲ. "ಮಲತಾಯಿ ಕೊಲ್ಲುತ್ತಾಳಂತೆ! ನಮ್ಮಮ್ಮನಿಗೆ ಬಾತು ಅಟ್ಟೋಕೂ ಬರಲ್ಲ." ಅವಳು ನಕ್ಕಳು, ಎಲ್ಲರೂ ನಕ್ಕರು, ಮನೆ ತುಂಬ ಪುಕ್ಕ ಹಾರಿತು.

"ಕಥೆ ನಿನ್ನದು ಲೀಸ್ಬೆತ್, ನೀನೇ ಗುಡಿಸು" ಎಂದಳು ಮನೆಯೊಡತಿ.

ಲೀಸ್ಬೆತ್ ಪೊರಕೆಗೆ ಕೈಹಾಕಿದಳು. ಓಟ್ಟಿಲಿಗೆ ಅದನ್ನೂ ಸಹಿಸಲಾಗಲಿಲ್ಲ. ಒಲೆಯ ಪಕ್ಕದಿಂದ ಎದ್ದು ಬಂದು ಪೊರಕೆ ಕಿತ್ತುಕೊಂಡಳು.

"ಮುಟ್ಟಬೇಡ. ಆ ಕಥೆ ನನ್ನದು."

ಎಲ್ಲರಿಗೂ ಎಲ್ಲವೂ ತಿಳಿಯಿತು.

"ಹೌದಾ? ಹಾಗಾದರೆ ಮೂಲೆಮೂಲೆಯೂ ಗುಡಿಸಕ್ಕ" ಎಂದಳು ಮನೆಯೊಡತಿ.

ಓಟ್ಟಿಲಿ ಗುಡಿಸುತ್ತಿದ್ದಳು. ಅವಳ ಖಾಲಿ ಜಾಗದಲ್ಲಿ ಕೂತು ಲೀಸ್ಬೆತ್ ಉಳಿದರ್ಧ ಕಥೆ ಹೇಳಿ ಮುಗಿಸಿದಳು. ಆದರೆ ಪುಸ್ತಕ ಆಗಲೇ ಊರೂರು ದಾಟಿತ್ತು. ಅದಕ್ಕೇ ಆ ದೇಶದ ಕಥೆಗಳಲ್ಲಿ ಮಲತಾಯಿ ಇವತ್ತಿಗೂ ಕೆಟ್ಟವಳಂತೆ. ಮಾರ್ಲೆ ಮಾತ್ರ ನಂಬಲಿಲ್ಲವಂತೆ.

ಅವರಿಗೆ ಪುಕ್ಕದ ಹಾಸಿಗೆ, ನಮಗೆ ಈ ಚಾಪೆ. ಕಥೆ ಅಲ್ಲಿ ಮಲಗಿತು, ನಾವು ಇಲ್ಲಿ ಏಳೋಣ.