ಸೋಡಾ ಕುಡಿಸಿ ಮಲಗಿಸಿದ ವಾರ್ಡು

ನಮ್ಮ ಬೀದಿ ಪುಟ್ಟಗೌರಿ ಆಸ್ಪತ್ರೇಲಿ ಆಯಾ. ಅವತ್ತು ಅವಳಿಗೆ ಸಿಟ್ಟಿಗೆ ಮೈಯೆಲ್ಲಾ ಉರೀತಿತ್ತು. ಗರ್ಭಕೋಶದ ಆಪರೇಷನ್ ಆದ ಆರು ಹೆಂಗಸರು ಹೊಟ್ಟೇಲಿ ಗ್ಯಾಸ್ ತುಂಬ್ಕೊಂಡು ನರಳ್ತಿದ್ರು. ನಡೆದ್ರೆ ಗ್ಯಾಸ್ ಹೋಗುತ್ತೆ, ನಿಧಾನಕ್ಕೆ ನಡೆಸು ಅಂತ ಡಾಕ್ಟರಮ್ಮ ಹೇಳಿ ಹೋಗಿದ್ರು. ಆದ್ರೆ ವಾರ್ಡಿನ ಮೇಲ್ವಿಚಾರಕ ಪದ್ಮರಾಜಯ್ಯ ಅನ್ನೋ ಮಹಾಶಯ ಬಿಡಬೇಕಲ್ಲ! ಅವತ್ತು ಯಾರೋ ಲೀಡರ್ ಹುಟ್ಟುಹಬ್ಬ. ರೋಗಿಗಳಿಗೆ ಹಣ್ಣು, ಬ್ರೆಡ್ಡು ಕೊಟ್ಟು ಫೋಟೋ ಹೊಡೆಸ್ಕೊಳ್ಳೋಕೆ ಬರೋರಿದ್ರು.

"ವರಾಂಡ ಒರೆಸಾಗಿದೆ, ಯಾರೂ ಕಾಲಿಡಬಾರ್ದು. ಎಲ್ರಿಗೂ ಸೋಡಾ ಕುಡಿಸಿದೀನಿ, ಹೊದಿಸಿ ಮಲಗಿಸು," ಅಂದ.

"ಗ್ಯಾಸಿಗೆ ಗ್ಯಾಸೇ ಕುಡಿಸಿದ್ರಾ? ಮೂರನೇ ಮಂಚದ ತಾಯಮ್ಮಣಿ ಹಲ್ಲು ಕಚ್ಕೊಂಡು ಅಳ್ತಾವ್ಳೆ, ನೋಡಿ ಸಾರ್!"

"ನನಗೇ ಬುದ್ಧಿ ಹೇಳ್ತೀಯಾ? ಹೇಳಿದಷ್ಟು ಮಾಡು!"

ಪುಟ್ಟಗೌರಿ ಸಿಟ್ಟು ನುಂಗಿದ್ಲು. ಆರು ಜನಕ್ಕೂ ಕುತ್ತಿಗೆ ತನಕ ಹೊದಿಸಿದ್ಲು. ಆಮೇಲೆ ಮೆತ್ತಗೆ ಕೇಳಿದ್ಲು: "ಸಾರ್, ಲೀಡರ್ರು ಮಂಚದ ಹತ್ರ ಬಗ್ಗಿ ಹಣ್ಣು ಕೊಡ್ತಾರಾ?"

"ಹೂಂ, ಬಗ್ಗಿನೇ ಕೊಡೋದು. ಫೋಟೋ ಚೆನ್ನಾಗಿ ಬರಬೇಕಲ್ಲ."

"ಹಂಗಾದ್ರೆ ಫ್ಯಾನ್ ಜೋರು ಮಾಡಿಡ್ತೀನಿ. ಒಳಗಿರೋದು ಎರಡು ದಿನದ ಗ್ಯಾಸು, ಅದರ ಮೇಲೆ ನಿಮ್ಮ ಸೋಡಾ ಬೇರೆ. ಈಚೆಗೆ ಬರೋಕೆ ಅದೇನು ನಿಮ್ಮ ಅಪ್ಪಣೆ ಕೇಳುತ್ತಾ?"

ಪದ್ಮರಾಜಯ್ಯನ ಮುಖ ಬಿಳಿಚ್ಕೊಳ್ತು. "ಎಬ್ಬಿಸೇ! ಎಲ್ರನ್ನೂ ನಡೆಸೇ!" ಅಂತ ಕೂಗ್ತಾ, ತಾನೇ ಇಬ್ಬರ ಗ್ಲೂಕೋಸ್ ಬಾಟ್ಲಿ ಎರಡು ಕೈಲೂ ಎತ್ತಿ ಹಿಡ್ಕೊಂಡು ಹೆಂಗಸರ ಹಿಂದೆ ವರಾಂಡದಲ್ಲಿ ಹೊರಟ.

ಮೂರನೇ ಸುತ್ತಿಗೆ ತಾಯಮ್ಮಣಿಗೆ ಗ್ಯಾಸ್ ಬಿಡ್ತು. ಆವಮ್ಮ ಅಳು ನಿಲ್ಲಿಸಿ, "ಅಬ್ಬಾ, ಜೀವ ಬಂತು ಕಣಕ್ಕಾ," ಅಂದ್ಲು.

ಹಿಂದೇನೇ ಇದ್ದ ಪದ್ಮರಾಜಯ್ಯನಿಗೆ ಮೂಗು ಮುಚ್ಕೊಳ್ಳೋಕೆ ಒಂದು ಕೈನೂ ಖಾಲಿ ಇರ್ಲಿಲ್ಲ.