ಸೂಲಗಿತ್ತಿಯ ಹಲಗೆ

ಕರೆದರೆ ತಡಮಾಡದೆ ಬರುವ, ಕರೆಯದಿದ್ದರೂ ಜೊತೆಗಿರುವ ಆ ಪರಮಾತ್ಮನಿಗೆ ಮೊದಲ ನಮಸ್ಕಾರ.

ಶಿಷ್ಯೆ ಶಾಂಭವಿ ಕೇಳಿದಳು: "ಗುರುಗಳೇ, ಉತ್ತರ ಕೊಡದೆ ಸುಮ್ಮನಿರುವುದು ಅಹಂಕಾರವಲ್ಲವೇ?"

ಪಾರ್ಶ್ವವಾಯು ಬಡಿದವರ ಮನೆಗಳಿಗೆ ಹೋಗಿ ಮತ್ತೆ ನಡೆಯಲು ಕಲಿಸುವುದು ಅವಳ ಕೆಲಸ. ಯಾರ ಮನೆಗೆ ಯಾವ ದಿನ, ಎಷ್ಟು ಹೊತ್ತಿಗೆ ಎನ್ನುವುದೆಲ್ಲ ಫೋನಿನ ಕ್ಯಾಲೆಂಡರಿನಲ್ಲಿತ್ತು. ಕೆಲವು ದಿನಗಳಿಂದ ಅದರೊಳಗೆ ಗುರುತಿಲ್ಲದವರ ಆಹ್ವಾನಗಳು ತಾವಾಗಿಯೇ ಬಂದು ಕೂರುತ್ತಿದ್ದವು. ಬಹುಮಾನ ಬಂದಿದೆ, ಹತ್ತು ಗಂಟೆಗೆ ಬನ್ನಿ. ಹಣ ದುಪ್ಪಟ್ಟಾಗುತ್ತದೆ, ಹನ್ನೊಂದಕ್ಕೆ ಬನ್ನಿ. ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸಬಾರದೆಂದು ಗುರುಗಳಿಂದ ಕಲಿತವಳು ಅವಳು. ಒಂದೊಂದಕ್ಕೂ 'ಬರುವುದಿಲ್ಲ' ಎಂದು ಒತ್ತಿದಳು. ಮರುದಿನ ಅವು ಎರಡರಷ್ಟಾದವು.

"ಆ ಗದ್ದಲದಲ್ಲಿ ನಿನ್ನೆ ಒಬ್ಬರು ಹಿರಿಯರ ಮನೆ ತಪ್ಪಿಹೋಯಿತು, ಗುರುಗಳೇ. ಚಪ್ಪಲಿ ಮೆಟ್ಟಿಕೊಂಡು, ಕೋಲು ಹಿಡಿದು ಸಂಜೆವರೆಗೂ ಕೂತಿದ್ದರಂತೆ. ಇನ್ನು ನಡೆಯುವುದೇ ಬೇಡ ಅಂದುಬಿಟ್ಟಿದ್ದಾರೆ. ಉತ್ತರ ಕೊಡದೆ ಅಳಿಸಿಹಾಕು, ನೀನು ಒಪ್ಪಿದ್ದು ಮಾತ್ರ ಒಳಗೆ ಬರುವ ಹಾಗೆ ಮಾಡಿಕೋ ಅಂತ ನನ್ನ ನಾದಿನಿ ಹೇಳುತ್ತಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ."

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಸೂಲಗಿತ್ತಿ ಇದ್ದಳು. ಅವಳ ಬಾಗಿಲ ಪಕ್ಕ ಒಂದು ಕರಿಹಲಗೆ, ಒಂದು ತುಂಡು ಬಳಪ. ದಿನ ತುಂಬಿದ ಬಸುರಿ ಇರುವ ಮನೆಯವರು ಬಂದು ಹಲಗೆಯ ಮೇಲೆ ಮನೆಯ ಹೆಸರು ಬರೆದು ಹೋಗುವರು. ಬೆಳಗಾದರೆ ಅವಳು ಅದನ್ನು ಓದಿಕೊಂಡು ಹೊರಡುವಳು.

ಒಬ್ಬ ವ್ಯಾಪಾರಿ ಅದನ್ನು ಕಂಡ. 'ನನ್ನ ಅಂಗಡಿಗೆ ಬಾ, ನಿನಗೊಂದು ಸೀರೆ ಕಾದಿದೆ' ಎಂದು ಅದೇ ಹಲಗೆಯ ಮೇಲೆ ಬರೆದ. ಸೂಲಗಿತ್ತಿ ಮರ್ಯಾದಸ್ಥೆ. ಅಂಗಡಿಯವರೆಗೂ ನಡೆದು, ಕೈಮುಗಿದು, "ನನಗೆ ಬೇಡಪ್ಪ" ಎಂದು ಹೇಳಿ ಬಂದಳು. ವ್ಯಾಪಾರಿಗೆ ಬೇಸರವಾಗಲಿಲ್ಲ, ಖುಷಿಯೇ ಆಯಿತು. ಸಂತೆಯಲ್ಲೆಲ್ಲ ಸಾರಿದ: ಆಕೆ ಪ್ರತಿಯೊಂದು ಸಾಲನ್ನೂ ಓದುತ್ತಾಳೆ, ಬರೆಯಿರಿ.

ಮರುದಿನ ಹಲಗೆ ಅಂಚಿನವರೆಗೂ ತುಂಬಿತ್ತು. ಅವಳು ಬೆಳಗಿನಿಂದ ಅಂಗಡಿ ಅಂಗಡಿಗೆ ಹೋಗಿ 'ಬೇಡ' ಎಂದು ಹೇಳಿದಳು. ಒಬ್ಬ ರೈತ ಜಾಗ ಸಾಲದೆ ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದ ಹೆಸರು ಅವಳ ಕಣ್ಣಿಗೆ ಬಿದ್ದಾಗ ನಡುಮಧ್ಯಾಹ್ನ. ಓಡಿದಳು. ರೈತನ ಹೆಂಡತಿ ಒಬ್ಬಳೇ ಹೆತ್ತು, ಮಗುವನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದಳು. ದೇವರು ಎರಡು ಜೀವವನ್ನೂ ಕಾಪಾಡಿದ್ದ. ಅವಳು ಬೈಯಲಿಲ್ಲ. "ಅಕ್ಕ, ನಮ್ಮನೆ ಹೆಸರು ಹಲಗೆ ಮೇಲೆ ಇತ್ತಲ್ಲ?" ಎಂದಷ್ಟೇ ಕೇಳಿದಳು.

ಮರುಬೆಳಗ್ಗೆ ಸೂಲಗಿತ್ತಿ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದಳು. ಬಸುರಿಯರ ಮನೆಗಳ ಹೆಸರು ಉಳಿಸಿ, ಮಿಕ್ಕಿದ್ದನ್ನೆಲ್ಲ ಒರೆಸಿದಳು. ಬಳಪವನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ವ್ಯಾಪಾರಿ ಅಲ್ಲೇ ನಿಂತಿದ್ದ. "ಏನಮ್ಮಾ, ಬರಲ್ಲ ಅಂತ ಒಂದು ಮಾತು ಹೇಳೋಕೂ ಬಿಗುಮಾನವೋ? ಬಾಯಿ ಸವೆದುಹೋಗುತ್ತಾ?"

ಸೂಲಗಿತ್ತಿ ಅವನ ಕಡೆ ತಿರುಗಲಿಲ್ಲ. ಅವನ ಹಿಂದೆ, ಪರವೂರಿನ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಹಿಂದೆಂದೂ ನೋಡಿರದ ಮುಖ.

"ಯಾವ ಮನೆಯವಳಮ್ಮ ನೀನು? ಎಷ್ಟು ತಿಂಗಳು? ಒಳಗೆ ಬಂದು ಹೇಳು, ನಾನೇ ಬರೆದುಕೊಳ್ಳುತ್ತೇನೆ."

ವ್ಯಾಪಾರಿ ಉತ್ತರಕ್ಕಾಗಿ ಸಂಜೆವರೆಗೂ ಕಾದನಂತೆ.

ಗುರುಗಳು ಕತೆ ನಿಲ್ಲಿಸಿದರು. ಶಾಂಭವಿಯ ಮಡಿಲಲ್ಲಿದ್ದ ಫೋನು ಸದ್ದು ಮಾಡಿತು. ಮತ್ತೊಂದು ಆಹ್ವಾನ. ಅಭ್ಯಾಸದಂತೆ ಅವಳ ಹೆಬ್ಬೆರಳು 'ಬರುವುದಿಲ್ಲ' ಎಂಬಲ್ಲಿಗೆ ಹೋಯಿತು.

"ಬಾಗಿಲಿಗೆ ಬಂದವರನ್ನು ಮಾತಾಡಿಸು ಎಂದಿದ್ದೆ, ಮಗಳೇ, ಬಳಪ ಅವರ ಕೈಗೆ ಕೊಡು ಎಂದಿರಲಿಲ್ಲ."

ಶಾಂಭವಿ ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

ಇದನ್ನು ಕೇಳಿದವರ ದಿನಗಳು ಅವರ ಕೈಯಲ್ಲೇ ಉಳಿಯಲಿ. ನಿಜವಾಗಿ ಕರೆದವರ ದನಿ ಅವರಿಗೆ ತಪ್ಪದೆ ಕೇಳಲಿ. ದೇವರು ಎಲ್ಲರನ್ನೂ ಚೆನ್ನಾಗಿಟ್ಟಿರಲಿ.